ತೀರ್ಥಸ್ನಾನದ ದಿನ ಅತ್ತೆಯವರು ಕಳೆದುಕೊಂಡ ಅರ್ಧ ದಿನ: ಆ ನೆನಪು ಮರಳಿ ಬರುತ್ತದೆಯೇ?

ಪ್ರಶ್ನೆ: ಮಲೆನಾಡಿನ ಸೊಸೆ

ಎಲ್ಲರಿಗೂ ನಮಸ್ಕಾರ.

ನನ್ನ ಅತ್ತೆಯವರಿಗೆ ಈಗ 64 ವರ್ಷ. ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ಸಕ್ಕರೆ ಕಾಯಿಲೆಯಿಲ್ಲ, ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ಬಿಟ್ಟರೆ ಬೇರೆ ಔಷಧವೂ ಇಲ್ಲ. ಮನೆಯ ಲೆಕ್ಕಪತ್ರವನ್ನು ಇಂದಿಗೂ ಅವರೇ ನೋಡಿಕೊಳ್ಳುತ್ತಾರೆ. ಈ ಸಲದ ಎಳ್ಳಮಾವಾಸ್ಯೆಗೆ ನಾವೆಲ್ಲ ತೀರ್ಥಹಳ್ಳಿಗೆ ಹೋಗಿದ್ದೆವು. ಬೆಳಗಿನ ಜಾವದ ಚಳಿಯಲ್ಲಿ ಅವರು ತುಂಗೆಯಲ್ಲಿ ಮುಳುಗಿ ಎದ್ದು, ಸೀರೆ ಬದಲಿಸಿ, ನೆರಿಗೆಯನ್ನು ಎಂದಿನ ಅಚ್ಚುಕಟ್ಟಿನಲ್ಲಿಯೇ ಹಿಡಿದು ಸಿಕ್ಕಿಸಿಕೊಂಡ ಮೇಲೆ ನನ್ನತ್ತ ತಿರುಗಿ, “ನಾವು ಇಲ್ಲಿಗೆ ಯಾವಾಗ ಬಂದೆವು?” ಎಂದು ಕೇಳಿದರು. ತಮಾಷೆಯೆಂದುಕೊಂಡೆ. ಉತ್ತರ ಹೇಳಿ ಎರಡು ನಿಮಿಷ ಕಳೆದಿರಲಿಲ್ಲ, ಅದೇ ಪ್ರಶ್ನೆಯನ್ನು ಅದೇ ಧಾಟಿಯಲ್ಲಿ ಮತ್ತೆ ಕೇಳಿದರು. ಆಮೇಲೆ ಮತ್ತೆ, ಮತ್ತೆ.

ವಿಚಿತ್ರವೆಂದರೆ ಉಳಿದುದೆಲ್ಲ ಸರಿಯಾಗಿತ್ತು. ತಮ್ಮ ಹೆಸರು, ಊರು, ನಮ್ಮೆಲ್ಲರ ಹೆಸರು ಗೊತ್ತಿತ್ತು. ಮೊಮ್ಮಗಳ ಒದ್ದೆ ಕೂದಲನ್ನು ಒರೆಸಿ, “ನೆಗಡಿಯಾದೀತು” ಎಂದು ಗದರಿಸಿದರು. ಸ್ತೋತ್ರವೊಂದನ್ನು ತಡವರಿಸದೆ ಹೇಳಿದರು. ಆದರೆ ನಡುವೆ ಒಮ್ಮೆ, “ನಿಮ್ಮ ಮಾವ ಎಲ್ಲಿ ಹೋದರು?” ಎಂದು ಕೇಳಿಬಿಟ್ಟರು. ಮಾವನವರು ತೀರಿಕೊಂಡು ಎರಡು ವರ್ಷವಾಗಿದೆ. ಇದ್ದ ಸಂಗತಿ ಹೇಳಿದಾಗ, ಆಗಲೇ ಸುದ್ದಿ ಕೇಳಿದವರಂತೆ ಕುಸಿದು ಕುಳಿತು ಅತ್ತರು. ಅಳು ನಿಂತ ಸ್ವಲ್ಪ ಹೊತ್ತಿನಲ್ಲಿಯೇ ಮತ್ತೆ ಅದೇ ಪ್ರಶ್ನೆ. ಮೂರನೆಯ ಸಲ ನನ್ನ ಪತಿ, “ಮನೆಯಲ್ಲಿದ್ದಾರೆ” ಎಂದುಬಿಟ್ಟರು.

ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಂದಿನ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪ್ರಶ್ನೆಗಳು ತಾವಾಗಿಯೇ ನಿಂತವು. ಸಂಜೆಗೆ ಅವರು ಪೂರ್ತಿ ಮೊದಲಿನಂತಾದರು. ಎರಡು ದಿನ ಬಿಟ್ಟು ಮಾಡಿಸಿದ ಎಂಆರ್‌ಐನಲ್ಲಿ ಮಾತ್ರ ಸಣ್ಣದೊಂದು ಬಿಳಿ ಚುಕ್ಕೆ ಕಂಡಿದೆ. “ಟ್ರಾನ್ಸಿಯೆಂಟ್ ಗ್ಲೋಬಲ್ ಅಮ್ನೀಸಿಯಾ, ಗಾಬರಿ ಬೇಡ” ಎಂದು ವೈದ್ಯರು ಕಳುಹಿಸಿಕೊಟ್ಟರು. ಗಾಬರಿ ಬೇಡವೆಂದರೂ ಕೆಲವು ಪ್ರಶ್ನೆಗಳು ಉಳಿದುಕೊಂಡಿವೆ.

ನದಿಯಿಂದ ಎದ್ದ ಕ್ಷಣದಿಂದ ಮಧ್ಯಾಹ್ನದವರೆಗಿನದು ಅತ್ತೆಯವರಿಗೆ ಒಂದಿಷ್ಟೂ ನೆನಪಿಲ್ಲ. ಅದು ಎಂದಾದರೂ ಮರಳಿ ಬರುತ್ತದೆಯೇ? ಮಾವನವರು ತೀರಿಕೊಂಡ ನೆನಪು ಬೆಳಿಗ್ಗೆ ಇಲ್ಲವಾಗಿ ಸಂಜೆಗೆ ತಾನಾಗಿ ಮರಳಿತು; ಹಾಗಿರುವಾಗ ಆ ಬೆಳಗಿನ ನೆನಪೇಕೆ ಮರಳಲಿಲ್ಲ? ನೆರೆಯವರು “ಅರಳುಮರಳಿನ ಶುರು” ಎಂದು ಪಿಸುಗುಟ್ಟುತ್ತಿದ್ದಾರೆ, ಅದು ನಿಜವೇ? ಕೊನೆಯದಾಗಿ, ಮಾವನವರ ಬಗ್ಗೆ ಅವರು ಹಾಗೆ ಕೇಳಿ ಅತ್ತ ಸಂಗತಿಯನ್ನು ನಾವು ಅವರಿಗೆ ಇನ್ನೂ ಹೇಳಿಲ್ಲ. ಹೇಳಬೇಕೇ?

ಉತ್ತರ: ಕರಾವಳಿ ವೈದ್ಯ

ನಾನು ನರರೋಗ ವಿಭಾಗದಲ್ಲಿ ಕೆಲಸ ಮಾಡುವವನು. ರೋಗಿಯನ್ನು ನೋಡದೆ ರೋಗನಿರ್ಣಯ ಮಾಡುವುದು ತಪ್ಪು. ನಿಮ್ಮ ವೈದ್ಯರು ಆ ಕೆಲಸವನ್ನು ಮಾಡಿಯೇ ಇದ್ದಾರೆ. ಅವರು ಕೊಟ್ಟ ಹೆಸರಿನ, ಅಂದರೆ ಸ್ವಲ್ಪ ಹೊತ್ತು ಮಾತ್ರ ಇದ್ದು ಹೋಗುವ ವ್ಯಾಪಕ ಮರೆವಿನ, ಅರ್ಥವನ್ನಷ್ಟೇ ವಿವರಿಸುತ್ತೇನೆ.

ಬಾಸ್ಟನ್ನಿನ ನರರೋಗ ತಜ್ಞರಾದ ಮಿಲ್ಲರ್ ಫಿಶರ್ ಮತ್ತು ರೇಮಂಡ್ ಆಡಮ್ಸ್ ಅವರು 1964ರ ಪ್ರಬಂಧದಲ್ಲಿ ಈ ಸ್ಥಿತಿಯನ್ನು ವಿಸ್ತಾರವಾಗಿ ವರ್ಣಿಸಿದರು. ಇಂದು ಬಳಕೆಯಲ್ಲಿರುವ ಮಾನದಂಡಗಳನ್ನು 1990ರಲ್ಲಿ ಹಾಡ್ಜಸ್ ಮತ್ತು ವಾರ್ಲೋ ಖಚಿತಪಡಿಸಿದರು. ಘಟನೆಯನ್ನು ಕಣ್ಣಾರೆ ಕಂಡವರೊಬ್ಬರು ಇರಬೇಕು. ಹೊಸದೇನೂ ನೆನಪಿನಲ್ಲಿ ನಿಲ್ಲದಂತಾಗಿರಬೇಕು. ಎಚ್ಚರ ಮಸುಕಾಗಿರಬಾರದು, ತಾನು ಯಾರೆಂಬುದು ಮರೆತಿರಬಾರದು. ಮಾತು ತೊದಲುವುದು, ಕೈಕಾಲು ಸೋಲುವುದು, ಫಿಟ್ಸ್‌ನ ಲಕ್ಷಣ, ತಲೆಗೆ ಪೆಟ್ಟು, ಇವು ಯಾವುವೂ ಇರಬಾರದು. ಮತ್ತು 24 ಗಂಟೆಗಳೊಳಗೆ ಎಲ್ಲವೂ ಸರಿಹೋಗಬೇಕು. ನೀವು ಗಮನಿಸಿ ಬರೆದ ವಿವರಗಳು, ನೆರಿಗೆ ಹಿಡಿದದ್ದು ಮತ್ತು ಮೊಮ್ಮಗಳನ್ನು ಗದರಿಸಿದ್ದೂ ಸೇರಿ, ವೈದ್ಯರಿಗೆ ಯಾವ ಯಂತ್ರಕ್ಕಿಂತಲೂ ಹೆಚ್ಚು ನೆರವಾಗುತ್ತವೆ.

ಇದು ಸಾಮಾನ್ಯವಾಗಿ 50ರಿಂದ 70ರ ವಯೋಮಾನದವರಲ್ಲಿ ಕಾಣಿಸಿಕೊಳ್ಳುತ್ತದೆ. ಬಹುಪಾಲು ಪ್ರಸಂಗಗಳು ಕೆಲವು ಗಂಟೆಗಳಲ್ಲಿ ಮುಗಿಯುತ್ತವೆ. ತಣ್ಣೀರಿನಲ್ಲಿ ಮುಳುಗುವುದು ಇದಕ್ಕೆ ಹಿನ್ನೆಲೆಯಾಗಿ ವೈದ್ಯಕೀಯ ವರದಿಗಳಲ್ಲಿ ಮೊದಲಿನಿಂದಲೂ ಬರುತ್ತಿದೆ. ಭಾರ ಎತ್ತುವಂಥ ಶ್ರಮ ಮತ್ತು ತೀವ್ರವಾದ ಭಾವೋದ್ವೇಗಗಳನ್ನೂ ಅದೇ ಸಾಲಿನಲ್ಲಿ ಹೇಳುತ್ತಾರೆ. ಅವು ಮಿದುಳಿನೊಳಗೆ ನಿಜಕ್ಕೂ ಏನು ಮಾಡುತ್ತವೆ, ರಕ್ತನಾಳಗಳ ಏರುಪೇರೋ ಅಥವಾ ಅರೆತಲೆನೋವಿನ ಜಾತಿಯ ವಿದ್ಯುತ್ ಅಲೆಯೋ, ಎಂಬುದರ ಬಗ್ಗೆ ತಜ್ಞರಲ್ಲಿ ಇನ್ನೂ ಒಮ್ಮತವಿಲ್ಲ. ಎಲ್ಲಿ ಏನಾಗುತ್ತದೆ ಎಂಬುದು ಮಾತ್ರ ಸಾಕಷ್ಟು ಸ್ಪಷ್ಟವಿದೆ. ಮಿದುಳಿನ ಎರಡೂ ಪಕ್ಕಗಳಲ್ಲಿ, ಹೆಚ್ಚುಕಡಿಮೆ ಕಿವಿಯ ಮಟ್ಟದಲ್ಲಿ, ಒಳಮಡಿಕೆಯಾಗಿ ಕುಳಿತಿರುವ ಹಿಪೊಕ್ಯಾಂಪಸ್ ಎಂಬ ಭಾಗ ಆ ಕೆಲವು ಗಂಟೆಗಳ ಮಟ್ಟಿಗೆ ಕೆಲಸ ನಿಲ್ಲಿಸುತ್ತದೆ. ಮೊದಲ ದಿನ ಕಾಣದ ಚುಕ್ಕೆ ಆಮೇಲೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ: ಕೆಲವೇ ಮಿಲಿಮೀಟರ್ ಅಗಲದ ಆ ಚುಕ್ಕೆಗಳು ಘಟನೆಯ ನಂತರ 24ರಿಂದ 72 ಗಂಟೆಗಳ ನಡುವೆ ಅತ್ಯಂತ ಸ್ಪಷ್ಟವಾಗಿ ಕಾಣಿಸಿಕೊಂಡು, ಮುಂದೆ ಸಾಮಾನ್ಯವಾಗಿ ಅಳಿಸಿಹೋಗುತ್ತವೆ.

ಇದನ್ನು ಡಿಮೆನ್ಷಿಯಾದ ಮುನ್ಸೂಚನೆಯೆಂದು ಪರಿಗಣಿಸುವುದಿಲ್ಲ. ಅರಳುಮರಳು ಹೀಗೆ ಒಂದು ಬೆಳಿಗ್ಗೆ ಬಂದು ಮಧ್ಯಾಹ್ನ ಹೊರಟುಹೋಗುವುದಿಲ್ಲ. ತಿಂಗಳು ವರ್ಷಗಳಲ್ಲಿ ನಿಧಾನವಾಗಿ ಕವಿದುಕೊಳ್ಳುತ್ತದೆ, ಮತ್ತು ಲೆಕ್ಕಪತ್ರ ನೋಡುವಂಥ ಕೆಲಸಗಳೇ ಮೊದಲು ಕೈಕೊಡತೊಡಗುತ್ತವೆ. ಹೆಚ್ಚಿನವರಿಗೆ ಇಂಥ ಪ್ರಸಂಗ ಜೀವನದಲ್ಲಿ ಒಂದೇ ಸಲ ಬರುತ್ತದೆ, ಕೆಲವರಿಗೆ ಮರುಕಳಿಸುವುದುಂಟು.

ಉತ್ತರ: ಮನಶ್ಶಾಸ್ತ್ರದ ಮೇಷ್ಟ್ರು

ವೈದ್ಯರು ಕಾಯಿಲೆಯ ಬಗ್ಗೆ ಹೇಳಬೇಕಾದುದನ್ನು ಹೇಳಿದ್ದಾರೆ. ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವವನಾದ್ದರಿಂದ ನಿಮ್ಮ ಎರಡನೆಯ ಪ್ರಶ್ನೆ, ಅಂದರೆ ಒಂದು ನೆನಪು ಮರಳಿ ಇನ್ನೊಂದು ಮರಳದಿರುವುದೇಕೆ ಎಂಬುದು, ನನ್ನನ್ನು ಹಿಡಿದು ನಿಲ್ಲಿಸಿತು. ಒಬ್ಬರೇ ವ್ಯಕ್ತಿ ಒಂದೇ ಬೆಳಿಗ್ಗೆ ಎರಡು ಬಗೆಯ ಮರೆವಿಗೆ ಒಳಗಾಗಿದ್ದಾರೆ, ಮತ್ತು ಆ ಎರಡರ ಹಣೆಬರಹ ಬೇರೆ ಬೇರೆಯಾಗಿದೆ. ನಿಮ್ಮ ಅತ್ತೆಯವರು ಶಿಕ್ಷಕಿಯಾಗಿದ್ದವರಾದ್ದರಿಂದ ಶಾಲೆಯ ಹೋಲಿಕೆಯನ್ನೇ ಕೊಡುತ್ತೇನೆ. ಹಾಜರಿ ಪುಸ್ತಕವಿಟ್ಟ ಬೀರುವಿನ ಕೀಲಿ ಸಿಗದಿದ್ದರೆ ಕೀಲಿ ಸಿಗುವವರೆಗಷ್ಟೇ ತೊಂದರೆ. ಹಾಜರಿಯನ್ನೇ ಹಾಕದ ದಿನದ ಪುಟವನ್ನು ಯಾವ ಕೀಲಿಯಿಂದಲೂ ಓದಲಾಗದು. ಮಾವನವರ ಸಾವು ಮೊದಲನೆಯ ಬಗೆಯದು, ನದಿತೀರದ ಬೆಳಗು ಎರಡನೆಯದು. ಅದು ಎಲ್ಲಿಯೋ ಅಡಗಿ ಕುಳಿತಿಲ್ಲ. ಅದು ದಾಖಲಾಗಲೇ ಇಲ್ಲ, ಆದ್ದರಿಂದ ಮರಳುವುದಿಲ್ಲ.

ಇದನ್ನು ಇಷ್ಟು ಧೈರ್ಯವಾಗಿ ಹೇಳಲು ಸಾಧ್ಯವಾಗಿರುವುದು ಮುಖ್ಯವಾಗಿ ಒಬ್ಬ ಅಮೆರಿಕನ್ ವ್ಯಕ್ತಿಯಿಂದ. ಅವರು ಬದುಕಿದ್ದಷ್ಟು ಕಾಲ ವಿಜ್ಞಾನಲೋಕ ಅವರನ್ನು “ಎಚ್.ಎಂ.” ಎಂಬ ಎರಡು ಅಕ್ಷರಗಳಿಂದಷ್ಟೇ ಬಲ್ಲದಾಗಿತ್ತು; 2008ರ ಡಿಸೆಂಬರ್‌ನಲ್ಲಿ ತಮ್ಮ 82ನೆಯ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಹೆನ್ರಿ ಮೊಲೈಸನ್ ಎಂಬ ಅವರ ಪೂರ್ಣ ಹೆಸರನ್ನು ಪ್ರಕಟಿಸಲಾಯಿತು. ಕನೆಕ್ಟಿಕಟ್ ರಾಜ್ಯದ ಈ ಯುವಕನಿಗೆ ಅಪಸ್ಮಾರ ಎಷ್ಟು ತೀವ್ರವಾಗಿತ್ತೆಂದರೆ ಔಷಧಗಳಿಂದ ಅದು ಹತೋಟಿಗೆ ಬರದೆ ಕೆಲಸಕ್ಕೆ ಹೋಗುವುದೇ ಅಸಾಧ್ಯವಾಗಿತ್ತು. 1953ರಲ್ಲಿ, ಅವರ 27ನೆಯ ವಯಸ್ಸಿನಲ್ಲಿ, ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರಚಿಕಿತ್ಸಕರು ಅವರ ಮಿದುಳಿನ ಎರಡೂ ಪಕ್ಕಗಳಿಂದ ಹಿಪೊಕ್ಯಾಂಪಸ್‌ನ ದೊಡ್ಡ ಭಾಗವನ್ನೂ ಅದರ ಸುತ್ತಲಿನ ಭಾಗಗಳನ್ನೂ ತೆಗೆದುಹಾಕಿದರು. ಫಿಟ್ಸ್ ಕಡಿಮೆಯಾಯಿತು. ಬುದ್ಧಿಮತ್ತೆ ಕುಂದಲಿಲ್ಲ, ಪರೀಕ್ಷೆಯಲ್ಲಿ 112 ಅಂಕ ಬಂತು. ಹೊಸ ನೆನಪು ಮಾತ್ರ ಅಲ್ಲಿಗೆ ನಿಂತುಹೋಯಿತು.

ಮಾಂಟ್ರಿಯಲ್‌ನಿಂದ ಬಂದ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ 1955ರ ಏಪ್ರಿಲ್‌ನಲ್ಲಿ ಅವರನ್ನು ಪರೀಕ್ಷಿಸಿದಾಗ, ಇಂದು ಯಾವ ತಾರೀಕು ಎಂಬುದಕ್ಕೆ ಅವರು ಕೊಟ್ಟ ಉತ್ತರ 1953ರ ಮಾರ್ಚ್, ವಯಸ್ಸು 27. ಮಿಲ್ನರ್ ಒಮ್ಮೆ ಅವರಿಗೆ 584 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಲು ಹೇಳಿ ಒಂಟಿಯಾಗಿ ಬಿಟ್ಟರು. ಹದಿನೈದು ನಿಮಿಷದ ನಂತರವೂ ಮೊಲೈಸನ್ ಸರಿಯಾಗಿಯೇ ಹೇಳಿದರು. ಹೇಗೆಂದು ಕೇಳಿದರೆ, ಐದು, ಎಂಟು ಮತ್ತು ನಾಲ್ಕನ್ನು ಕೂಡಿದರೆ ಹದಿನೇಳು, ಎಂಟನ್ನು ನೆನಪಿಟ್ಟು ಹದಿನೇಳರಿಂದ ಕಳೆದರೆ ಒಂಬತ್ತು, ಒಂಬತ್ತನ್ನು ಒಡೆದರೆ ಐದು ಮತ್ತು ನಾಲ್ಕು ಎಂದು ಆ ಹೊತ್ತಿಡೀ ಮನಸ್ಸಿನಲ್ಲಿಯೇ ಲೆಕ್ಕ ಉರುಳಿಸುತ್ತಿದ್ದರಂತೆ. ಗಮನ ಬೇರೆಡೆಗೆ ಸರಿದ ಒಂದು ನಿಮಿಷದೊಳಗೆ ಸಂಖ್ಯೆಯೂ ಹೋಯಿತು, ತಮಗೊಂದು ಸಂಖ್ಯೆ ಕೊಟ್ಟಿದ್ದರೆಂಬುದೂ ಹೋಯಿತು. ಗಮನದಲ್ಲಿ ಹಿಡಿದಿಟ್ಟುಕೊಂಡಿರುವುದು ಬೇರೆ, ನೆನಪಾಗಿ ಉಳಿಯುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ. ನಿಮ್ಮ ಅತ್ತೆಯವರು ನಿಮ್ಮ ಉತ್ತರವನ್ನು ಕೇಳಿಸಿಕೊಂಡರು, ಅರ್ಥಮಾಡಿಕೊಂಡರು, ಅದಕ್ಕೆ ತಕ್ಕಂತೆ ಅತ್ತರು ಕೂಡ. ಮುಂದಿನ ಮಾತಿಗೆ ಗಮನ ಹರಿದಾಗ ಅದು ಜಾರಿಹೋಯಿತು.

ಇನ್ನೊಂದು ಪ್ರಯೋಗ ನಿಮ್ಮ ಅತ್ತೆಯವರ ನೆರಿಗೆಗೆ ಸಂಬಂಧಿಸಿದ್ದು ಎನ್ನಬಹುದು. ಕಾಗದದ ಮೇಲೆ ಎರಡು ಗೆರೆಗಳಿಂದ ಬರೆದ ನಕ್ಷತ್ರದ ಚಿತ್ರ. ಆ ಗೆರೆಗಳ ನಡುವಿನ ಕಿರಿದಾದ ಜಾಗದಲ್ಲಿ, ತನ್ನ ಕೈಯನ್ನು ನೇರವಾಗಿ ನೋಡದೆ ಕನ್ನಡಿಯಲ್ಲಿ ಮಾತ್ರ ನೋಡುತ್ತ, ಪೆನ್ಸಿಲ್ ಓಡಿಸಬೇಕು. ಮೊದಲ ಸಲ ಯಾರಿಗಾದರೂ ಕೈ ಅಡ್ಡಾದಿಡ್ಡಿ ಹೋಗುತ್ತದೆ. ಮೊಲೈಸನ್ ಮೂರು ದಿನ ಇದನ್ನು ಮಾಡಿದರು, ದಿನದಿಂದ ದಿನಕ್ಕೆ ತಪ್ಪುಗಳು ಇಳಿದವು, ಮೂರನೆಯ ದಿನ ಕೈ ಪಳಗಿತ್ತು. ಆದರೆ ಪ್ರತಿ ಸಲವೂ ಅವರಿಗೆ ಇದು ಹಿಂದೆಂದೂ ಮಾಡದ ಕೆಲಸವಾಗಿತ್ತು. ಕೈಯ ಕಲಿಕೆಗೆ ಹಿಪೊಕ್ಯಾಂಪಸ್ ಬೇಕಾಗಿಲ್ಲ. ಅದು ಮಿದುಳಿನ ಬೇರೆ ಭಾಗಗಳ ವ್ಯವಹಾರ. ಸೀರೆಯುಡುವುದು, ಈಜುವುದು, ಸೈಕಲ್ ತುಳಿಯುವುದು ಎಲ್ಲ ಆ ಲೆಕ್ಕಕ್ಕೆ ಸೇರುತ್ತವೆ. ಸ್ತೋತ್ರದ ವಿಷಯ ಸ್ವಲ್ಪ ಬೇರೆ: ಅದು ಬಾಲ್ಯದಿಂದ ಸಾವಿರ ಸಲ ಹೇಳಿ ಮಿದುಳಿನ ಹೊರಪದರದಲ್ಲಿ ನೆಲೆಯೂರಿದ್ದು, ಅದನ್ನು ತೆಗೆಯಲು ಹಿಪೊಕ್ಯಾಂಪಸ್‌ನ ನೆರವು ಅಷ್ಟಾಗಿ ಬೇಕಿಲ್ಲ.

ಹಾಗಾದರೆ ಮಾವನವರ ಸಾವು ಏಕೆ ಜಾರಿತು? ಫ್ರಾನ್ಸಿನ ಥಿಯೊಡ್ಯೂಲ್ ರಿಬೊ 19ನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಒಂದು ಮಾತನ್ನು ಗುರುತಿಸಿದ್ದರು: ಮಿದುಳಿಗೆ ಪೆಟ್ಟಾದಾಗ ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ನಿಲ್ಲುತ್ತದೆ. ನೆನಪು ಒಂದು ದಿನದಲ್ಲಿ ಗಟ್ಟಿಯಾಗುವುದಿಲ್ಲ. ನರಕೋಶಗಳ ನಡುವಿನ ಸಂಧಿಗಳು ಬಲಗೊಳ್ಳುವುದು ನಿಮಿಷಗಳಲ್ಲಿ ಆರಂಭವಾಗಿ, ಹೊಸ ಪ್ರೋಟೀನುಗಳ ತಯಾರಿಯೊಂದಿಗೆ ಗಂಟೆಗಟ್ಟಲೆ ಮುಂದುವರಿಯುತ್ತದೆ. ಎರಿಕ್ ಕ್ಯಾಂಡೆಲ್ ಸಮುದ್ರದ ಗೊಂಡೆಹುಳುವಿನಲ್ಲಿ ಇದರ ಬಗ್ಗೆ ನಡೆಸಿದ ಕೆಲಸಕ್ಕೆ 2000ದ ನೊಬೆಲ್ ಪುರಸ್ಕಾರ ಸಂದಿತು. ಅದಾದ ಮೇಲೂ ಒಂದು ಘಟನೆಯ ನೋಟ, ಧ್ವನಿ, ವಾಸನೆಗಳು ಹೊರಪದರದಲ್ಲಿ ಒಂದಕ್ಕೊಂದು ಸ್ವತಂತ್ರವಾಗಿ ಬೆಸೆದುಕೊಳ್ಳುವವರೆಗೆ, ತಿಂಗಳುಗಳೋ ವರ್ಷಗಳೋ, ಅವುಗಳನ್ನು ಒಟ್ಟಿಗೆ ಕರೆತರುವ ಹೊಣೆ ಬಹುಮಟ್ಟಿಗೆ ಹಿಪೊಕ್ಯಾಂಪಸ್‌ನದೇ. ಅದು ಅರ್ಧ ದಿನ ಮೌನವಾದಾಗ ಕಳೆದ ಕೆಲವು ವರ್ಷಗಳ ಘಟನೆಗಳು ಕೈಗೆಟುಕದಾದವು. ಅದು ಎಚ್ಚರಗೊಂಡಾಗ ಮತ್ತೆ ಎಟುಕಿದವು. ಇಂಥ ಪ್ರಸಂಗಗಳಲ್ಲಿ ಮೊದಲಿಗೆ ದೂರದವರೆಗೆ ಚಾಚಿಕೊಂಡಿರುವ ಮರೆವು ಹಂತಹಂತವಾಗಿ ಕುಗ್ಗುತ್ತ ಬಂದು, ಕೊನೆಗೆ ಆ ಕೆಲವು ಗಂಟೆಗಳ ಖಾಲಿ ಜಾಗವಷ್ಟೇ ಉಳಿಯುವುದು ವಾಡಿಕೆ.

ಪ್ರತಿಕ್ರಿಯೆ: ಹುಬ್ಬಳ್ಳಿಯ ಓದುಗ

ಸರ್, ಒಂದು ಸಂದೇಹ. ಸಿನಿಮಾ, ಧಾರಾವಾಹಿಗಳಲ್ಲಿ ತಲೆಗೆ ಪೆಟ್ಟು ಬಿದ್ದ ನಾಯಕನು ಮೊದಲು ಮರೆಯುವುದೇ ತನ್ನ ಹೆಸರನ್ನು ಮತ್ತು ಹೆಂಡತಿಯನ್ನು. ಇನ್ನೊಂದು ಪೆಟ್ಟು ಬಿದ್ದೊಡನೆ ಎಲ್ಲ ನೆನಪಾಗುತ್ತದೆ. ನೀವು ಹೇಳುತ್ತಿರುವುದು ಅದಕ್ಕೆ ತದ್ವಿರುದ್ಧವಾಗಿದೆಯಲ್ಲವೇ?

ಮನಶ್ಶಾಸ್ತ್ರದ ಮೇಷ್ಟ್ರು

ತದ್ವಿರುದ್ಧವೇ. ಮಿದುಳಿಗೆ ಪೆಟ್ಟಾದವರು ಸಾಮಾನ್ಯವಾಗಿ ತಮ್ಮ ಹೆಸರು ಮತ್ತು ಹಳೆಯ ಬದುಕನ್ನು ಬಲ್ಲವರಾಗಿರುತ್ತಾರೆ. ಅವರಿಗೆ ಕಷ್ಟವಾಗುವುದು ಇಂದಿನದನ್ನು ನಾಳೆಗೆ ಒಯ್ಯುವುದು. ಹೆಸರು, ಮನೆ, ಮದುವೆ ಎಲ್ಲವನ್ನೂ ಮರೆತು ಹೊಸ ವಿಷಯಗಳನ್ನು ಮಾತ್ರ ಚೆನ್ನಾಗಿ ಕಲಿಯಬಲ್ಲವರು ಅಪರೂಪಕ್ಕೆ ಇದ್ದಾರೆ. ಅದು ತೀವ್ರವಾದ ಮಾನಸಿಕ ಆಘಾತಕ್ಕೆ ಸಂಬಂಧಿಸಿದ ಬೇರೆಯೇ ಸ್ಥಿತಿ, ಅದರ ಚಿಕಿತ್ಸೆಯ ದಾರಿಯೂ ಬೇರೆ. ಎರಡನೆಯ ಪೆಟ್ಟಿನಿಂದ ಆಗುವುದು ಎರಡನೆಯ ಗಾಯ ಮಾತ್ರ.

ಇಲ್ಲಿಯೇ ಕೆನಡಾದ ಕೆಂಟ್ ಕಾಕ್ರೇನ್ ಅವರನ್ನೂ ನೆನೆಯಬೇಕು. 1981ರ ಮೋಟರ್‌ಸೈಕಲ್ ಅಪಘಾತದ ನಂತರ ಅವರಿಗೆ ಚದುರಂಗದ ನಡೆಗಳು ಗೊತ್ತಿದ್ದವು, ಆದರೆ ಯಾರೊಂದಿಗಾದರೂ ಆಡಿದ ಒಂದೇ ಒಂದು ಸಂದರ್ಭವೂ ನೆನಪಿಗೆ ಬರುತ್ತಿರಲಿಲ್ಲ. ಸಂಗತಿಯನ್ನು ಬಲ್ಲೆ ಎಂಬುದೂ ಅದನ್ನು ಅನುಭವಿಸಿದ ಗಳಿಗೆಗೆ ಹಿಂದಿರುಗಬಲ್ಲೆ ಎಂಬುದೂ ಎರಡು ಬೇರೆ ಶಕ್ತಿಗಳೆಂದು ಮನಶ್ಶಾಸ್ತ್ರಜ್ಞ ಎಂಡೆಲ್ ಟಲ್ವಿಂಗ್ 1972ರಲ್ಲಿಯೇ ವಾದಿಸಿದ್ದರು. ಕಾಕ್ರೇನ್ ಆ ವಾದಕ್ಕೆ ಜೀವಂತ ಸಾಕ್ಷಿಯಾದರು. ನಾಳೆ ಏನು ಮಾಡುವಿರಿ ಎಂದು ಕೇಳಿದರೂ ಅವರ ಮನಸ್ಸಿನಲ್ಲಿ ಯಾವ ಚಿತ್ರವೂ ಮೂಡುತ್ತಿರಲಿಲ್ಲ ಎಂಬುದನ್ನು ಓದಿದಾಗ ನನಗೆ ಬಹಳ ಹೊತ್ತು ಬೇರೇನನ್ನೂ ಓದಲಾಗಲಿಲ್ಲ.

ಮಲೆನಾಡಿನ ಸೊಸೆ

ಇಬ್ಬರಿಗೂ ಕೃತಜ್ಞತೆಗಳು. ಆದರೆ ಮೇಷ್ಟ್ರೇ, ಆ ಬೆಳಗು ದಾಖಲಾಗಲೇ ಇಲ್ಲವೆಂದು ನೀವು ಬರೆದದ್ದನ್ನು ಓದಿದ ಮೇಲೆ ಇನ್ನೊಂದು ಸಂಗತಿಯನ್ನು ಹೇಳಲೇಬೇಕಾಗಿದೆ. ಕಳೆದ ವಾರ ಅತ್ತೆಯವರು ತಾವಾಗಿಯೇ, “ನನಗೀಗ ಸ್ವಲ್ಪ ಸ್ವಲ್ಪ ನೆನಪಾಗುತ್ತಿದೆ. ಮೆಟ್ಟಿಲ ಮೇಲೆ ಕುಳಿತಿದ್ದೆ, ನೀನು ಶಾಲು ಹೊದಿಸಿದೆ, ಆಮೇಲೆ ಆಟೋದಲ್ಲಿ ಹೋದೆವು, ಗಾಳಿ ಬಹಳ ತಣ್ಣಗಿತ್ತು” ಎಂದರು. ಮನೆಮಂದಿಗೆಲ್ಲ ಸಂತೋಷವಾಯಿತು. ನನಗೆ ಮಾತ್ರ ಒಂದು ಅನುಮಾನ ಬಂತು. ಬಂದು ಹೋಗುವ ನೆಂಟರಿಗೆಲ್ಲ ನನ್ನ ಪತಿ ಈ ಕಥೆಯನ್ನು ಹೇಳುವಾಗ “ಆಟೋ ಹಿಡಿದು ಹೋದೆವು” ಎಂದೇ ಹೇಳುತ್ತಾರೆ. ನಿಜವಾಗಿ ನಾವು ಹೋದದ್ದು ಪರಿಚಯದವರೊಬ್ಬರ ಕಾರಿನಲ್ಲಿ. ಆಟೋ ಹಿಡಿದದ್ದು ಎಂಆರ್‌ಐ ಮಾಡಿಸಿದ ದಿನ. ಅಂದರೆ ಅತ್ತೆಯವರು ನೆನಪಿಸಿಕೊಳ್ಳುತ್ತಿರುವುದು ಏನನ್ನು? ಅವರು ಸುಳ್ಳು ಹೇಳುವವರಲ್ಲ.

ಮನಶ್ಶಾಸ್ತ್ರದ ಮೇಷ್ಟ್ರು

ಅವರು ಸುಳ್ಳು ಹೇಳುತ್ತಿಲ್ಲ. ಅವರ ಮನಸ್ಸಿನಲ್ಲಿ ಆ ಆಟೋ ಇದೆ, ತಣ್ಣನೆಯ ಗಾಳಿಯೂ ಇದೆ. ಅವು ಬಂದದ್ದು ಆ ಬೆಳಗಿನಿಂದಲ್ಲ, ನಿಮ್ಮ ಪತಿಯವರ ಮಾತಿನಿಂದ ಎಂಬುದಷ್ಟೇ ವ್ಯತ್ಯಾಸ, ಮತ್ತು ಆ ವ್ಯತ್ಯಾಸವನ್ನು ಒಳಗಿನಿಂದ ಗುರುತಿಸಲು ಅವರಿಗೆ ಯಾವ ಸಾಧನವೂ ಇಲ್ಲ. ನಮಗೂ ಇಲ್ಲ.

ನೆನಪಿಸಿಕೊಳ್ಳುವುದೆಂದರೆ ಇದ್ದ ಚಿತ್ರವನ್ನು ಹೊರತೆಗೆದು ನೋಡುವುದಲ್ಲ. ಸಿಕ್ಕ ತುಣುಕುಗಳಿಂದ ಪ್ರತಿ ಸಲವೂ ಹೊಸದಾಗಿ ಕಟ್ಟುವುದು. ತುಣುಕುಗಳ ನಡುವೆ ಬಿರುಕಿದ್ದಲ್ಲಿ, ಹೀಗೆಯೇ ಆಗಿರಬೇಕೆಂಬ ಊಹೆ, ಇತರರಿಂದ ಕೇಳಿದ್ದು, ಇನ್ನೊಂದು ದಿನದ ಅನುಭವ, ಎಲ್ಲವೂ ಸದ್ದಿಲ್ಲದೆ ಬಂದು ಸೇರಿಕೊಳ್ಳುತ್ತವೆ. ಕೇಂಬ್ರಿಡ್ಜ್‌ನ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿಯೇ ಇದನ್ನು ಪ್ರಯೋಗಗಳಿಂದ ತೋರಿಸಿದ್ದರು. ನಿಮ್ಮ ಮನೆಯ ಸಂದರ್ಭಕ್ಕೆ ತೀರ ಹತ್ತಿರವಾದದ್ದು 1995ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ ಪ್ರಕಟಿಸಿದ ಅಧ್ಯಯನ. 24 ಮಂದಿಗೆ ಅವರ ಬಾಲ್ಯದ ನಾಲ್ಕು ಘಟನೆಗಳನ್ನು, ಮನೆಯವರು ಹೇಳಿದ್ದೆಂಬ ಮಾತಿನೊಂದಿಗೆ, ಬರೆದುಕೊಟ್ಟರು. ಮೂರು ನಿಜ, ನಾಲ್ಕನೆಯದು, ಚಿಕ್ಕವರಿದ್ದಾಗ ದೊಡ್ಡ ಅಂಗಡಿ ಸಂಕೀರ್ಣದಲ್ಲಿ ತಪ್ಪಿಸಿಕೊಂಡು ಅತ್ತದ್ದು, ಪೂರ್ತಿ ಕಟ್ಟುಕಥೆ. ಸುಮಾರು ಕಾಲು ಭಾಗದಷ್ಟು ಜನ ಆ ನಾಲ್ಕನೆಯದನ್ನೂ ಪೂರ್ಣವಾಗಿಯೋ ಭಾಗಶಃವಾಗಿಯೋ “ನೆನಪಿಸಿಕೊಂಡರು”. ಅವರೆಲ್ಲರ ಮಿದುಳು ಆರೋಗ್ಯವಾಗಿಯೇ ಇತ್ತು. ಅತ್ತೆಯವರ ವಿಷಯದಲ್ಲಿ ಜಾಗವೇ ಖಾಲಿಯಿದೆ, ಕಥೆ ವಾರಕ್ಕೊಮ್ಮೆ ಕಿವಿಗೆ ಬೀಳುತ್ತಿದೆ, ಹೇಳುತ್ತಿರುವವರು ಸ್ವಂತ ಮಗ. ಹಾಗಿರುವಾಗ ನೆನಪು ಮೂಡದಿದ್ದರೆ ಅದೇ ಆಶ್ಚರ್ಯ.

ಇದರಿಂದ ಅವರಿಗೆ ಕೆಡುಕೇನೂ ಇಲ್ಲ. ತಿದ್ದಲು ಹೊರಟು ವಾದಕ್ಕಿಳಿಯಬೇಡಿ. ಆದರೆ ಮಾವನವರ ಬಗ್ಗೆ ಹೇಳಬೇಕೇ ಎಂಬ ನಿಮ್ಮ ಪ್ರಶ್ನೆಗೆ ಇದು ನೇರವಾಗಿ ತಾಗುತ್ತದೆ. ಅವರು ಕೇಳಿದರೆ ಮುಚ್ಚಿಡಬೇಡಿ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ನೀವಲ್ಲದಿದ್ದರೆ ಮೊಮ್ಮಗಳು ಒಂದು ದಿನ ಹೇಳಿಯೇ ಹೇಳುತ್ತಾಳೆ, ಮಕ್ಕಳಿಂದ ಕೇಳುವುದು ಇನ್ನೂ ಕಷ್ಟ. ಹೇಳುವಾಗ ಅಳುವಿನ ದೃಶ್ಯವನ್ನು ಬಣ್ಣಿಸದೆ, “ಮಾವನವರ ಬಗ್ಗೆ ವಿಚಾರಿಸಿದಿರಿ, ನಾವು ಹೇಳಿದಾಗ ದುಃಖಪಟ್ಟಿರಿ” ಎಂದಷ್ಟೇ ಹೇಳಿ. ವಿವರಗಳನ್ನು ತುಂಬಿದಷ್ಟೂ ಆ ದುಃಖವನ್ನು ಅವರು ಎರಡನೆಯ ಸಲ ಅನುಭವಿಸಿದಂತೆ ನೆನಪು ಕಟ್ಟಿಕೊಳ್ಳುತ್ತಾರೆ. ಅಂದು ಪಟ್ಟ ದುಃಖ ಅವರಲ್ಲಿ ಉಳಿದಿಲ್ಲ. ಅದನ್ನು ನಾವಾಗಿಯೇ ತಂದಿಡುವ ಅಗತ್ಯ ನನಗೆ ಕಾಣುವುದಿಲ್ಲ. ನಿಮ್ಮ ಪತಿ ಮೂರನೆಯ ಸಲ ಹೇಳಿದ ಸುಳ್ಳಿನ ಬಗ್ಗೆ ಅವರಿಗೆ ಕೊರಗಿದ್ದರೆ, ನಾನಾದರೆ ಎರಡನೆಯ ಸಲವೇ ಹೇಳಿಬಿಡುತ್ತಿದ್ದೆ ಎಂದು ಅವರಿಗೆ ತಿಳಿಸಿ.

ಪ್ರತಿಕ್ರಿಯೆ: ಶುಶ್ರೂಷಕಿ, ವ್ಯಸನಮುಕ್ತಿ ವಿಭಾಗ

ಖಾಲಿ ಜಾಗ ತುಂಬಿಕೊಳ್ಳುವ ಮಾತು ಬಂದದ್ದರಿಂದ ಒಂದು ವಿಷಯ ಸೇರಿಸುತ್ತೇನೆ. ನಮ್ಮ ವಿಭಾಗಕ್ಕೆ ಬರುವವರಲ್ಲಿ ಕೆಲವರಿಗೆ ಹಲವು ವರ್ಷಗಳ ಕುಡಿತ ಮತ್ತು ಅರೆಹೊಟ್ಟೆಯ ಪರಿಣಾಮವಾಗಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ತೀರ ಕಡಿಮೆಯಾಗಿ ಕಾರ್ಸಕಾಫ್ ಎಂಬ ಮರೆವಿನ ಸ್ಥಿತಿ ಉಂಟಾಗಿರುತ್ತದೆ; ರಷ್ಯಾದ ಸೆರ್ಗೆಯ್ ಕಾರ್ಸಕಾಫ್ 1880ರ ದಶಕದಲ್ಲಿ ವರ್ಣಿಸಿದ್ದು. ವಾರ್ಡಿನ ಹಾಸಿಗೆ ಬಿಟ್ಟು ಏಳದವರೊಬ್ಬರನ್ನು ಬೆಳಿಗ್ಗೆ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರೆ, ಸಂತೆಗೆ ಹೋಗಿ ಎತ್ತು ನೋಡಿಕೊಂಡು ಬಂದೆನೆಂದು, ಎತ್ತಿನ ಬಣ್ಣ ಮತ್ತು ಬೆಲೆ ಸಮೇತ ಹೇಳುತ್ತಾರೆ. ಮನೆಯವರು ಅದನ್ನು ಸುಳ್ಳುಬುರುಕತನವೆಂದು ತಿಳಿದು ಸಿಟ್ಟಾಗುತ್ತಾರೆ. ಅದು ಸುಳ್ಳಲ್ಲ, ಮೋಸಗೊಳಿಸುವ ಉದ್ದೇಶ ಅವರಿಗಿಲ್ಲ. ಥಯಾಮಿನ್ ಚುಚ್ಚುಮದ್ದನ್ನು ಬೇಗ ಕೊಟ್ಟರೆ ಈ ಹಂತ ತಲುಪುವುದನ್ನು ತಪ್ಪಿಸಬಹುದು. ತಡವಾದರೆ ಪೂರ್ತಿ ಚೇತರಿಸಿಕೊಳ್ಳುವವರು ಕಡಿಮೆ. ಕುಡಿತದ ಅಭ್ಯಾಸವುಳ್ಳವರು ಇದ್ದಕ್ಕಿದ್ದಂತೆ ಗೊಂದಲಕ್ಕೊಳಗಾಗಿ, ಕಣ್ಣುಗುಡ್ಡೆ ಅದುರಿ, ನಡಿಗೆ ತೂರಾಡಿದರೆ “ಇನ್ನೂ ಇಳಿದಿಲ್ಲ” ಎಂದುಕೊಂಡು ಮಲಗಿಸಬೇಡಿ.

ಕರಾವಳಿ ವೈದ್ಯ

ಶುಶ್ರೂಷಕಿಯವರ ಎಚ್ಚರಿಕೆಗೆ ನನ್ನದೂ ದನಿಗೂಡಿಸುತ್ತೇನೆ. ಈ ಚರ್ಚೆಯನ್ನು ಓದಿದ ಯಾರಾದರೂ, ಮುಂದೊಮ್ಮೆ ಮನೆಯಲ್ಲಿ ಯಾರೋ ಹಠಾತ್ತಾಗಿ ಎಲ್ಲ ಮರೆತಾಗ, “ಇದು ಅದೇ ಇರಬೇಕು, ಮಧ್ಯಾಹ್ನಕ್ಕೆ ಸರಿಹೋಗುತ್ತದೆ” ಎಂದು ಕಾಯುತ್ತ ಕುಳಿತರೆ ಅನಾಹುತವಾದೀತು. ಪಾರ್ಶ್ವವಾಯು ಕೂಡ ಅಪರೂಪಕ್ಕೆ ಹೀಗೆ ಮರೆವಿನ ವೇಷದಲ್ಲಿ ಬರುತ್ತದೆ, ಮತ್ತು ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೊದಲ 4.5 ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಾದರೆ ರಕ್ತದ ಸಕ್ಕರೆ ಕುಸಿದಿದೆಯೇ ಎಂದು ಆ ಕ್ಷಣವೇ ನೋಡಬೇಕು. ಆದ್ದರಿಂದ ನೀವು ತೀರ್ಥಹಳ್ಳಿಯಿಂದ ನೇರವಾಗಿ ಶಿವಮೊಗ್ಗಕ್ಕೆ ಹೊರಟದ್ದೇ ಸರಿ.

ಅತ್ತೆಯವರ ವಿಷಯದಲ್ಲಿ ಗಮನವಿಡಬೇಕಾದದ್ದು ಒಂದಿದೆ. ಇಂಥದೇ ಪ್ರಸಂಗ ಮತ್ತೆ ಮತ್ತೆ ಬಂದರೆ, ವಿಶೇಷವಾಗಿ ನಿದ್ರೆಯಿಂದ ಎದ್ದ ಕೂಡಲೇ ಬಂದು ಒಂದು ಗಂಟೆಯೊಳಗೆ ಹೋಗಿಬಿಡುತ್ತಿದ್ದರೆ, ಅದು ಮರೆವಿನ ರೂಪದಲ್ಲಿ ಬರುವ ಅಪಸ್ಮಾರವಾಗಿರಬಹುದು. ಅದಕ್ಕೆ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ, ಬೇಕು, ಔಷಧವೂ ಇದೆ. ಅದಲ್ಲದೆ, ದಿನನಿತ್ಯದ ಮರೆವು ಮುಂದೆ ಎಂದಾದರೂ ಹೆಚ್ಚುತ್ತಿದೆ ಎನಿಸಿದರೆ ವಯಸ್ಸಿನ ತಲೆಗೆ ಕಟ್ಟುವ ಮೊದಲು ಬಿ12 ಜೀವಸತ್ವ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ನಮ್ಮಲ್ಲಿ ಬಹಳ ಸಾಮಾನ್ಯ, ಮತ್ತು ಬೇಗ ಗುರುತಿಸಿದರೆ ಸರಿಪಡಿಸಬಹುದಾದದ್ದು. ಆಸ್ಪತ್ರೆಯ ಬಿಡುಗಡೆ ಚೀಟಿಯನ್ನೂ ಎಂಆರ್‌ಐ ವರದಿಯನ್ನೂ ಒಂದೇ ಕಡೆ ಇಟ್ಟುಕೊಂಡಿರಿ. ಮುಂದೆ ನೋಡುವ ವೈದ್ಯರಿಗೆ ಅದೇ ಮೊದಲು ಬೇಕಾಗುತ್ತದೆ.